ಬಾದಾಮಿ ಹಿಟ್ಟಿನ ರೊಟ್ಟಿ

ಬಾದಾಮಿ ಹಿಟ್ಟಿಗೆ ಜಿಗಿ ಇಲ್ಲ. ಬಿಸಿನೀರು ಹಾಕಿ ಎಷ್ಟು ನಾದಿದರೂ ಕೈಗೆ ಎಣ್ಣೆ ಬಿಡುತ್ತದೆಯೇ ಹೊರತು ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ. ಉಂಡೆ ಮಾಡಿ ತಟ್ಟಿದರೆ ಅಂಚು ಸೀಳುತ್ತದೆ. ಸೀಳಿದ್ದನ್ನು ಬೆರಳಿನಿಂದ ಕೂಡಿಸಿ, ಉಸಿರು ಬಿಗಿಹಿಡಿದು ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ನಡುವೆ ಮುರಿಯುತ್ತದೆ. ತಿರುವಿ ಹಾಕುವಾಗ ಮತ್ತೆ ಮುರಿಯುತ್ತದೆ. ಆ ಚೂರುಗಳನ್ನೇ ತಟ್ಟೆಗೆ ಹಾಕಿ, "ರೊಟ್ಟಿ ತಿನ್ನು ಬಾ" ಎಂದು ಏಳು ವರ್ಷದ ಮಗಳನ್ನು ಕರೆಯುತ್ತಿದ್ದೆ. ಅವಳು ಬಂದು ತಟ್ಟೆ ನೋಡಿ, "ಇದು ರೊಟ್ಟಿ ಅಲ್ಲ ಮಮ್ಮಿ, ಚುರಾ" ಅನ್ನುತ್ತಿದ್ದಳು. ಪುಡಿಗೆ ಪುಣೆಯ ಶಾಲೆಯಲ್ಲಿ ಅವಳು ಕಲಿತ ಶಬ್ದ ಅದು. ಅವಳು ಹೇಳಿದ್ದು ತಪ್ಪೂ ಅಲ್ಲ.

ಮಗಳಿಗೆ ಫಿಟ್ಸ್ ಬರುತ್ತಿತ್ತು. ಕೈಕಾಲು ಸೆಳೆದು ಬಾಯಲ್ಲಿ ನೊರೆ ಬರುತ್ತದಲ್ಲ, ಆ ಬಗೆಯದಲ್ಲ. ಮಾತನಾಡುತ್ತ, ಆಡುತ್ತ ಇದ್ದವಳ ತಲೆ ಒಮ್ಮೆಲೇ ಮುಂದಕ್ಕೆ ಬೀಳುತ್ತಿತ್ತು, ಯಾರೋ ಹಿಂದಿನಿಂದ ಹೊಡೆದ ಹಾಗೆ. ಕ್ಷಣ ಮಾತ್ರ. ಆಮೇಲೆ ಎದ್ದು ಏನೂ ಆಗದವಳಂತೆ ನಮ್ಮ ಮುಖ ನೋಡುತ್ತಿದ್ದಳು. ಕೂತಿದ್ದರೆ ಹಣೆ ಮೇಜಿಗೆ ಬಡಿಯುತ್ತಿತ್ತು, ನಿಂತಿದ್ದರೆ ಮೈಯೆಲ್ಲ ನೆಲಕ್ಕೆ. ಹಲ್ಲು ಮುರಿದದ್ದು, ಗದ್ದಕ್ಕೆ ಹೊಲಿಗೆ ಬಿದ್ದದ್ದು ಎಲ್ಲ ಆಗಿತ್ತು. ಒಂದು ಔಷಧಿ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಕೊಟ್ಟು ನೋಡಿದರು. ಫಿಟ್ಸ್ ಜಗ್ಗಲಿಲ್ಲ. ಮಗು ಮಾತ್ರ ಹಗಲೆಲ್ಲ ತೂಕಡಿಸುವಂತಾಯಿತು.

ಆಗ ಡಾಕ್ಟರು ಊಟದ ಮಾತು ತೆಗೆದರು. ಮೈಗೆ ಸಕ್ಕರೆ, ಹಿಟ್ಟು ಸಿಗದಂತೆ ಮಾಡಿ ಬರೀ ಕೊಬ್ಬಿನ ಮೇಲೆ ನಡೆಸಿದರೆ ಕೆಲವು ಮಕ್ಕಳಿಗೆ ಫಿಟ್ಸ್ ನಿಲ್ಲುತ್ತದೆ ಎಂದರು. "ಎಲ್ಲರಿಗೂ ಅಲ್ಲ" ಅಂತಲೂ ಹೇಳಿದರು, ಅದನ್ನು ಮುಚ್ಚಿಡಲಿಲ್ಲ. ಮೂರು ತಿಂಗಳು ಕಟ್ಟುನಿಟ್ಟಾಗಿ ಮಾಡಿ ನೋಡೋಣ, ಆಗದಿದ್ದರೆ ಮತ್ತೆ ಔಷಧಿಗೇ ಹೋಗಬೇಕು ಎಂದರು. ಆ ಔಷಧಿಗಳ ಬಗ್ಗೆ ಅವರಿಗೇ ಹೆಚ್ಚು ನಂಬಿಕೆ ಇದ್ದಂತೆ ಕಾಣಲಿಲ್ಲ. ಶಾಲೆಯವರು ಆಗಲೇ ನನ್ನನ್ನು ಕರೆದು, ಹೀಗೆ ಬೀಳುತ್ತಿದ್ದರೆ ಮುಂದಿನ ವರ್ಷ ಇಟ್ಟುಕೊಳ್ಳುವುದು ಕಷ್ಟ ಎಂದು ಮೆತ್ತಗೆ ಹೇಳಿ ಕಳಿಸಿದ್ದರು. ಹೀಗಾಗಿ ನಮ್ಮ ಪಾಲಿಗೆ ಉಳಿದದ್ದು ಆ ಮೂರು ತಿಂಗಳು ಮತ್ತು ಬಾದಾಮಿ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲನೆಯವಳು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಕೈಯಲ್ಲಿಟ್ಟು ಕೊಟ್ಟದ್ದಲ್ಲ ಅದು. ಅಪ್ಪ ಬೇಗ ಹೋದ. ಅವ್ವ ಬೆಳಗಾವಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿದು ನನ್ನನ್ನು ಓದಿಸಿದಳು. ಶಾಲೆ ಬಿಟ್ಟು ನಾನು ಅಲ್ಲಿಗೇ ಹೋಗುತ್ತಿದ್ದೆ. ಒಲೆಯ ಹಿಂದಿನ ಕಟ್ಟೆಯ ಮೇಲೆ ಕೂತು, ಅವಳ ಕೈಯ ಟಪಟಪ ಸದ್ದಿನಲ್ಲೇ ಮೂಲವಸ್ತುಗಳ ಹೆಸರು ಬಾಯಿಪಾಠ ಮಾಡಿದ್ದೇನೆ. ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದೆ. ಈಗ ಪುಣೆಯ ಚಿಂಚವಾಡದ ಒಂದು ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಇದ್ದೇನೆ. ಬಣ್ಣ ನೋಡಿ ಸರಿ ತಪ್ಪು ಹೇಳುವುದು ನನ್ನ ಕೆಲಸ. ಗಂಡ ಕುರಕುಂಭದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಾರೆ. ದಿನಾ ಹೋಗಿ ಬರುವ ದೂರವಲ್ಲ, ಅಲ್ಲೇ ರೂಮು ಮಾಡಿಕೊಂಡಿದ್ದಾರೆ, ಭಾನುವಾರಕ್ಕೆ ನಿಗಡಿಯ ಮನೆಗೆ ಬರುತ್ತಾರೆ. ಹಾಗಾಗಿ ವಾರವೆಲ್ಲ ಮನೆಯಲ್ಲಿ ನಾನು, ಮಗಳು.

ಡಾಕ್ಟರು ಹೇಳಿದ್ದನ್ನು ಕೇಳಿ ನಾನು ಹೆದರಲಿಲ್ಲ, ಸಂತೋಷವೇ ಆಯಿತು. ತೂಕ ಮಾಡುವುದು, ಅಳೆಯುವುದು, ಒಂದರ ಬದಲು ಇನ್ನೊಂದು ಹಾಕಿ ನೋಡುವುದು, ಇದೆಲ್ಲ ನನಗೆ ಬರುವ ವಿದ್ಯೆ. ಔಷಧಿ ಬರೆಯುವವರು ಬೇರೆಯವರು, ಊಟ ಮಾಡಿ ಹಾಕುವವಳು ನಾನು. ನಾನು ಕಲಿತದ್ದು ಇಷ್ಟು ದಿನಕ್ಕೆ ಮಗಳಿಗಾಗಿ ಉಪಯೋಗಕ್ಕೆ ಬಂತು ಅಂದುಕೊಂಡೆ.

ಆಸ್ಪತ್ರೆಯ ಆಹಾರತಜ್ಞೆ ಬೇಡ ಎಂದದ್ದು ಅನ್ನ, ಚಪಾತಿ, ಜೋಳ, ಬೇಳೆ, ಹಾಲು, ಬೆಲ್ಲ, ಬಾಳೆಹಣ್ಣು. ಅಂದರೆ ನಮ್ಮಲ್ಲಿ ಊಟ ಅಂತ ಯಾವುದಕ್ಕೆ ಅನ್ನುತ್ತೇವೋ ಅದೆಲ್ಲ. ಬೇಕು ಎಂದದ್ದು ಬೆಣ್ಣೆ, ಕೆನೆ, ಕೊಬ್ಬರಿ ಎಣ್ಣೆ, ಪನೀರು, ಬಾದಾಮಿ. ಮೊಟ್ಟೆ ನಾವು ತಿನ್ನುವವರಲ್ಲ. ಮಗಳಿಗಾಗಿ ತಂದೆ, ಅವಳು ವಾಸನೆಗೇ ಓಕರಿಸಿದಳು. ಭಾರವೆಲ್ಲ ಬಾದಾಮಿಯ ಮೇಲೆ ಬಿತ್ತು.

ಭಾನುವಾರ ಬಾದಾಮಿಯನ್ನು ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿದು, ಬಟ್ಟೆಯ ಮೇಲೆ ಹರಡಿ ಫ್ಯಾನಿನ ಕೆಳಗೆ ಒಣಗಿಸುತ್ತಿದ್ದೆ. ಮಿಕ್ಸಿಯಲ್ಲಿ ಹಾಕಿ ತಡೆದು ತಡೆದು ತಿರುಗಿಸಬೇಕು. ಸ್ವಲ್ಪ ಹೆಚ್ಚಾದರೆ ಎಣ್ಣೆ ಬಿಟ್ಟು ಮುದ್ದೆಯಾಗಿಬಿಡುತ್ತದೆ, ಹಿಟ್ಟು ಹೋಗಿ ಹಿಂಡಿಯಾಗುತ್ತದೆ. ನೆನೆಸಿದ್ದನ್ನು ರುಬ್ಬಿ ಬಟ್ಟೆಯಲ್ಲಿ ಹಿಂಡಿದರೆ ಹಾಲು. ಆ ಹಾಲಿಗೆ ಕೆನೆ ಕಲಸಿ ಮಗಳಿಗೆ ಕುಡಿಯಲು ಕೊಡುತ್ತಿದ್ದೆ. ಹಿಂಡಿ ಉಳಿದ ಚರಟವನ್ನೂ ಬಿಸಾಡದೆ ಒಣಗಿಸಿ ಹಿಟ್ಟಿಗೆ ಸೇರಿಸುತ್ತಿದ್ದೆ. ಬಾದಾಮಿ ಹಿಟ್ಟಿನ ಉಪ್ಪಿಟ್ಟು ಮಾಡಿದೆ, ಅದು ಮರಳಿನಂತಾಯಿತು. ಶಿರಾ ಮಾಡಿದೆ, ತುಪ್ಪದಲ್ಲಿ ತೇಲಿತು. ಹುಟ್ಟುಹಬ್ಬಕ್ಕೆ ಬೆಣ್ಣೆ, ಕೆನೆ, ಸಕ್ಕರೆಯಿಲ್ಲದ ಸಿಹಿಯ ಹನಿ ಹಾಕಿ ಓವನ್ನಿನಲ್ಲಿ ಕೇಕು ಬೇಯಿಸಿದೆ. ಒಳಗಿರುವಾಗ ಉಬ್ಬಿತ್ತು. ಹೊರಗೆ ತೆಗೆದ ಕೂಡಲೇ ನಡುವೆ ಕುಸಿದು ಹೊಂಡ ಬಿತ್ತು. ಮಗಳ ಗೆಳತಿಯೊಬ್ಬಳು ಒಂದು ತುಂಡು ಬಾಯಿಗೆ ಹಾಕಿಕೊಂಡು, "ಹ್ಯಾಲಾ ಚವ್‌ಚ್ ನಾಹಿ" ಅಂದಳು, ರುಚಿಯೇ ಇಲ್ಲ ಅಂತ. ಮಗಳು ಆ ದಿನ ಕೇಕು ಮುಟ್ಟಲಿಲ್ಲ.

ಆದರೂ ಮೊದಲ ವಾರಗಳಲ್ಲಿ ಆಸೆ ಹುಟ್ಟಿತು. ಊಟ ಸರಿಯಾಗಿದೆಯೇ ಎಂದು ತಿಳಿಯಲು ಮಗುವಿನ ಮೂತ್ರದಲ್ಲಿ ಒಂದು ಕಾಗದದ ಪಟ್ಟಿ ಅದ್ದಿ ನೋಡಬೇಕು. ಕಡು ನೇರಳೆಗೆ ತಿರುಗಿದರೆ ಮೈ ಕೊಬ್ಬಿನ ಮೇಲೆ ನಡೆಯುತ್ತಿದೆ ಎಂದು ಅರ್ಥ. ತಿಳಿ ಗುಲಾಬಿಯಾದರೆ ಎಲ್ಲೋ ಹಿಟ್ಟೋ ಸಕ್ಕರೆಯೋ ಒಳಗೆ ಹೋಗಿದೆ. ನಮ್ಮ ಪಟ್ಟಿ ನೇರಳೆಯಾಗುತ್ತಿತ್ತು. ಬೀಳುವುದು ಕಡಿಮೆಯಾಗತೊಡಗಿತ್ತು. ಒಂದು ಮಧ್ಯಾಹ್ನ ಒಂದೂ ಸಲ ಬೀಳಲಿಲ್ಲ. ನಾನು ಗಂಡನಿಗೆ ಫೋನು ಮಾಡಿ ಹೇಳಿದೆ. ಅವರು ಆ ಕಡೆಯಿಂದ, "ಹೌದಾ? ಹೌದಾ?" ಎಂದು ಅದನ್ನೇ ಅನ್ನುತ್ತಿದ್ದರು.

ಆಮೇಲೆ ಮಗಳು ಊಟ ಬಿಟ್ಟಳು. ಪುಡಿ ಬೇಡ, ಎಣ್ಣೆ ಬೇಡ, ಕೆನೆ ಬೇಡ. ಚೂರುಗಳನ್ನು ಬಾಯಲ್ಲಿ ಇಟ್ಟುಕೊಂಡು ಕೂತಿದ್ದು ನಾನು ಅತ್ತ ತಿರುಗಿದಾಗ ಉಗುಳುತ್ತಿದ್ದಳು. ಹಿಟ್ಟು ಹಿಡಿಯಲಿ ಎಂದು ಇಸಬಗೋಲ ಹಾಕಿದೆ, "ಲೋಳಿ ಲೋಳಿ" ಎಂದು ತಟ್ಟೆ ತಳ್ಳಿದಳು. ತೂಕ ಇಳಿಯಿತು. ಆಹಾರತಜ್ಞೆ ಗದರಿದರು: ತಿಂದರೆ ತಾನೇ ಔಷಧಿ? "ಮಮ್ಮಿ, ನನಗ ಆಯಿ ಮಾಡೂ ಗುಂಡನ ರೊಟ್ಟಿ ಬೇಕು" ಎಂದು ಮಗಳು ಅಳುತ್ತಿದ್ದಳು. ಆಯಿ ಅಂದರೆ ನನ್ನ ಅವ್ವ. ನಾನು ಅವ್ವನಿಗೆ ಫೋನು ಮಾಡಿದೆ.

ಭಾನುವಾರ ಕಾತ್ರಜದಲ್ಲಿ ಬಸ್ಸಿಳಿದವಳನ್ನು ಗಂಡ ಕರೆದುಕೊಂಡು ಬಂದರು. ಬಂದವಳು ಮೊದಲು ಮೊಮ್ಮಗಳ ಗದ್ದದ ಹೊಲಿಗೆಯ ಗುರುತನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ನೇರ ಅಡುಗೆಮನೆಗೆ ಹೋಗಿ ಬಾದಾಮಿ ಹಿಟ್ಟಿನ ಡಬ್ಬಿ ತೆರೆದು ಮೂಸಿದಳು.

"ಇದನ್ನ ಪೈಲ್ವಾನರು ತಿಂತಾರವಾ. ನಮ್ಮ ಕೂಸು ಕುಸ್ತಿ ಹಿಡಿಯಾಕ ಹೊಂಟೈತೇನು?"

"ಅವ್ವಾ, ನಗಬ್ಯಾಡ. ಇದs ಆಕಿ ಔಷಧ. ಜ್ವಾಳ, ಗೋಧಿ, ಅಕ್ಕಿ, ಬೆಲ್ಲ ಒಂದೂ ನಡೆಯೂದಿಲ್ಲ. ಬರೇ ಬದಾಮಿ ಹಿಟ್ಟಿಂದು ರೊಟ್ಟಿ ಆಗಬೇಕು."

"ಬರೇ ಬದಾಮಿದು?" ಎಂದು ಒಂದು ಚಿಟಿಕೆ ಬೆರಳಲ್ಲಿ ಹೊಸಕಿದಳು. "ಇದಕ್ಕ ಜಿಗೀನ ಇಲ್ಲಲ್ಲ. ಇದು ಹಿಟ್ಟs ಅಲ್ಲ, ಪೌಡರ. ಆಗಲಿ, ನೀ ಸರಿ ಅತ್ತಾಗ."

ಮೊದಲ ದಿನ ಅವಳ ಕೈಯಲ್ಲೂ ಮುರಿಯಿತು. ಊರ ತುಂಬ ಜನ ಸಾಲು ಹಚ್ಚಿ ಕೂತು ಉಂಡ ರೊಟ್ಟಿಯ ಕೈ ಅದು. ಮುರಿದದ್ದನ್ನು ನೋಡಿ ಅವಳು ಸಿಟ್ಟಾದಳು. ನನ್ನ ಮೇಲಲ್ಲ, ಹಿಟ್ಟಿನ ಮೇಲೆ. "ಹೆಂಗ ಆಗೂದಿಲ್ಲ ನೋಡೇ ಬಿಡ್ತೀನಿ" ಅಂದಳು. ಮರುದಿನ ನಾನು ಕೆಲಸದಿಂದ ಬಂದಾಗ ತಟ್ಟೆಯ ಮೇಲೆ ಬಟ್ಟೆ ಮುಚ್ಚಿತ್ತು. ಎತ್ತಿ ನೋಡಿದರೆ ರೊಟ್ಟಿ. ದುಂಡಗೆ, ತೆಳ್ಳಗೆ, ಅಲ್ಲಲ್ಲಿ ಕಂದು ಚುಕ್ಕೆ ಬಿದ್ದ ರೊಟ್ಟಿ. ಎತ್ತಿದರೆ ಮುರಿಯಲಿಲ್ಲ. ಮಡಚಿದರೆ ಮಡಚಿತು.

"ಏನ ಮಾಡಿದಿ ಅವ್ವಾ?"

"ಏನಿಲ್ಲವಾ. ಕೈಗೆ ಹೊಂದಬೇಕು, ಅಷ್ಟs. ನಿಂಗ ಕಾಲೇಜಿನ್ಯಾಗ ಇದನ್ನ ಕಲಿಸಲಿಲ್ಲೇನು?"

ಮಗಳು ಬೆಣ್ಣೆ ಹಚ್ಚಿಕೊಂಡು ಪೂರ್ತಿ ತಿಂದಳು, ಇನ್ನೊಂದು ಕೇಳಿದಳು. ಎಷ್ಟೋ ವಾರಗಳ ಮೇಲೆ ಅವಳು ತಾನಾಗಿ ಊಟ ಕೇಳಿದ್ದು. ನಾನು ಅವ್ವನ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡೆ. "ಹುಚ್ಚೀ, ಕೈಯೆಲ್ಲಾ ಹಿಟ್ಟು ಐತಿ" ಎಂದು ಎಳೆದುಕೊಂಡಳು. ಮುಂದಿನ ಭಾನುವಾರ ಬಂದ ಗಂಡ, "ಅತ್ತಿಯಾರ, ನೀವು ಡಾಕ್ಟರ ಕಿಂತಾ ದೊಡ್ಡವರಾದ್ರಿ ನೋಡ್ರಿ" ಅಂದರು. ಅಳಿಯನ ಎದುರು ಹೆಚ್ಚು ಮಾತನಾಡದ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಗಳ ಕೆನ್ನೆ ತುಂಬತೊಡಗಿತು.

ಪಟ್ಟಿ ಮಾತ್ರ ತಿಳಿಯಾಗತೊಡಗಿತು.

ಮೊದಲು ಪಟ್ಟಿಯ ಡಬ್ಬಿಯೇ ಹಳೆಯದು ಅಂದುಕೊಂಡು ಹೊಸದು ತಂದೆ. ಅದೂ ಗುಲಾಬಿ. ಬೀಳುವುದು ಹೆಚ್ಚಾಯಿತು. ಬೆಳಿಗ್ಗೆ ಹಲ್ಲುಜ್ಜುವಾಗ ಒಮ್ಮೆ, ಬೂಟು ಹಾಕಿಕೊಳ್ಳುವಾಗ ಒಮ್ಮೆ, ಶಾಲೆಯಿಂದ ಫೋನು. ನಾನು ಮನೆಯನ್ನೆಲ್ಲ ಜಾಲಾಡಿದೆ. ಟೂತ್‌ಪೇಸ್ಟಿನ ಸಿಹಿ ಇರಬಹುದೆಂದು ಅದನ್ನು ಬದಲಿಸಿದೆ. ಕೆಮ್ಮಿನ ಸಿರಪ್ಪು ಚೆಲ್ಲಿದೆ. ಶಾಲೆಯಲ್ಲಿ ಯಾರಾದರೂ ಡಬ್ಬಿಯಿಂದ ತಿನ್ನಿಸುತ್ತಾರೋ ಎಂದು ಟೀಚರನ್ನು ಕೇಳಿದೆ. ಆಗಷ್ಟೇ ಸಂಕ್ರಮಣ ಆಗಿತ್ತು. ಪುಣೆಯಲ್ಲಿ ಮನೆ ಮನೆಗೆ ಹೋಗಿ ಎಳ್ಳುಂಡೆ ಹಂಚುವ ಹೊತ್ತು. ಎದುರು ಮನೆಯ ಕಾಕು ಮಗಳ ಕೈಗೆ ಇಟ್ಟಿರಬೇಕು ಎಂದು ಅವರ ಬಾಗಿಲು ತಟ್ಟಿದೆ.

"ಅಗಂ ಬಾಯಿ, ಕಾಹಿ ದಿಲಂ ನಾಹಿ ಗ," ಅಂದರು ಕಾಕು, ಏನೂ ಕೊಟ್ಟಿಲ್ಲ ಅಂತ. "ನಿನ್ನ ಮಗಳನ್ನು ನೋಡಿದರೆ ಬಾಗಿಲು ಹಾಕಿಕೊಳ್ಳುತ್ತೇವೆ ಈಗ. ಕೈಯಲ್ಲಿ ಉಂಡೆ ಇದ್ದಾಗ ಅವಳು ನೋಡಿದರೆ ನಮಗೇ ಸಂಕಟವಾಗುತ್ತದೆ." ಅವರು ಸಿಟ್ಟಾಗಿದ್ದರು, ಸರಿಯೇ ಇತ್ತು.

"ಆ ಕಾಕೂನ ಮ್ಯಾಗ ಯಾಕ ಹೋದಿ?" ಎಂದು ಅವ್ವ ಬೈದಳು. "ಯಾರೂ ಏನೂ ಕೊಟ್ಟಿಲ್ಲ. ನಾ ಮೂರೂ ಹೊತ್ತು ಬೆನ್ನ ಹಿಂದs ಇರ್ತೀನಿ. ಒಂದ ಕಾಳು ಸಕ್ಕರಿ ಬಾಯಿಗೆ ಹೋಗಿಲ್ಲ, ಶಿವನ ಆಣಿ."

ಆಣೆ ನಿಜವೇ ಇತ್ತು.

ಒಂದು ಭಾನುವಾರ ನಾನು ಪಡಸಾಲೆಯಲ್ಲಿ ಕೂತು ಬಾದಾಮಿ ಸುಲಿಯುತ್ತಿದ್ದೆ. ಅವ್ವ ಅಡುಗೆಮನೆಯ ನೆಲದ ಮೇಲೆ ಅಗಲವಾದ ಪರಾತದ ತಟ್ಟೆ ಇಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಅದೇ ಟಪಟಪ. ಸಣ್ಣವಳಿದ್ದಾಗಿನಿಂದ ಕೇಳಿದ ಸದ್ದು. ಪಕ್ಕದಲ್ಲಿ ಡಬ್ಬಿಯ ಮುಚ್ಚಳ ಅಂಗಾತ ಇಟ್ಟಿತ್ತು. ಅದರಲ್ಲಿ ಹಿಟ್ಟು. ಎಡಗೈಯಲ್ಲಿ ಒಂದು ಹಿಡಿ ತೆಗೆದು ಪರಾತಕ್ಕೆ ಉದುರಿಸಿ, ಅದರ ಮೇಲೆ ಉಂಡೆ ಇಟ್ಟು ಬಡಿಯುವಳು. ನಡುವೆ ಎತ್ತಿ ಮತ್ತೆ ಒಂದು ಹಿಡಿ. ನಾನು ಇದನ್ನು ಅದುವರೆಗೆ ನೋಡಿರಲಿಲ್ಲ ಎಂದಲ್ಲ. ಪ್ರತಿ ಭಾನುವಾರವೂ ನೋಡಿದ್ದೆ. ರೊಟ್ಟಿ ಬಡಿಯುವವರ ಕೈ ಹಿಟ್ಟಿಗೆ ಹೋಗುವುದು ಉಸಿರಾಡಿದ ಹಾಗೆ. ಹುಟ್ಟಿದಾಗಿನಿಂದ ನೋಡಿದವರ ಕಣ್ಣಿಗೆ ಅದು ಹಿಟ್ಟು ಹಾಕಿದಂತೆ ಕಾಣುವುದೇ ಇಲ್ಲ. ಅವಳಿಗೂ ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ.

"ಅವ್ವಾ, ಅದೇನು?"

"ಯಾವದು?"

"ಕೆಳಗ ಉದುರಸ್ತೀಯಲ್ಲ."

"ಒಣಹಿಟ್ಟವಾ. ಮತ್ತೇನು ಬೂದಿ ಹಾಕ್ಕೊಂಡು ಬಡೀಲೇನು?"

"ಯಾವ ಹಿಟ್ಟು?"

"ಜ್ವಾಳದ್ದು," ಅಂದಳು. ಅಂದವಳು ನನ್ನ ಮುಖ ನೋಡಿ ಕೈ ನಿಲ್ಲಿಸಿದಳು. "ರೊಟ್ಯಾಗ ಹಾಕಿಲ್ಲ ತಂಗಿ. ರೊಟ್ಟಿ ಬದಾಮಿದs ಐತಿ. ಇದು ಕೆಳಗ ಹಾಸಾಕ. ಹಂಚಿಗೆ ಹಾಕಿದ ಮ್ಯಾಲ ನೀರು ಸವರತೀನಲ್ಲ, ಹಿಟ್ಟೆಲ್ಲ ತೊಳದು ಹೋಗತೈತಿ."

ಜೋಳದ ರೊಟ್ಟಿಯನ್ನು ಹಂಚಿಗೆ ಹಾಕಿದ ಕೂಡಲೇ ಮೇಲಿನ ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಒಣಹಿಟ್ಟು ಬೆಳ್ಳಗೆ ಉಳಿಯಬಾರದು ಎಂದು. ಮೈ ನುಣ್ಣಗಾಗುತ್ತದೆ, ಹಿಟ್ಟು ಕಾಣುವುದಿಲ್ಲ. ಕಾಣದಿದ್ದದ್ದು ಹೋಯಿತು ಎಂದು ಅವಳು ತಿಳಿದಿದ್ದಳು. ಜೀವಮಾನವೆಲ್ಲ ರೊಟ್ಟಿ ಬಡಿದವಳು ಬೇರೆ ಹೇಗೆ ತಿಳಿಯಬೇಕು? ಅವಳ ಲೆಕ್ಕದಲ್ಲಿ ಅದು ಅಡುಗೆಯ ಸಾಮಾನಲ್ಲ, ಪರಾತದ ಹಾಗೆ, ಬಟ್ಟೆಯ ಹಾಗೆ ಒಂದು ಸಲಕರಣೆ.

ನಾನು ಬೈಯಲಿಲ್ಲ. ಬೈದಿದ್ದರೆ ಅವಳು ತಿರುಗಿ ನಾಲ್ಕು ಮಾತು ಬೈಯುತ್ತಿದ್ದಳು, ಇಬ್ಬರೂ ಅತ್ತು ಮುಗಿಸುತ್ತಿದ್ದೆವು. ನಾನು ವಿವರಿಸಿದೆ. ನೀರು ಬಿದ್ದ ಹಿಟ್ಟು ಬಿಸಿಗೆ ಅಂಟಾಗಿ ರೊಟ್ಟಿಯ ಮೈಗೇ ಹತ್ತಿಕೊಂಡು ಬೇಯುತ್ತದೆ, ಅದಕ್ಕೇ ಈ ರೊಟ್ಟಿ ಮುರಿಯುವುದಿಲ್ಲ ಎಂದೆ. ತಕ್ಕಡಿ ತಂದು ಮುಚ್ಚಳದ ಹಿಟ್ಟನ್ನು ಬಡಿಯುವ ಮೊದಲು ತೂಗಿದೆ, ಬಡಿದ ಮೇಲೆ ತೂಗಿದೆ. ಪರಾತದಲ್ಲಿ ಉಳಿದದ್ದನ್ನು ಗುಡಿಸಿ ಅದನ್ನೂ ತೂಗಿದೆ. ರೊಟ್ಟಿಯೊಳಗೆ ಹೋದದ್ದು ಮಗಳಿಗೆ ಇಡೀ ದಿನಕ್ಕೆ ಕೊಡಬಹುದಾದ ಲೆಕ್ಕವನ್ನು ದಾಟಿತ್ತು. ಅವ್ವ ತಕ್ಕಡಿಯನ್ನೇ ನೋಡುತ್ತಿದ್ದಳು. ಓದು ಬಾರದವಳಿಗೂ ಅಂಕಿ ಗೊತ್ತಾಗುತ್ತದೆ.

"ಅಂದ್ರ," ಅಂದಳು, "ಕೂಸು ಬೀಳಾಕತ್ತಿದ್ದು ನನ್ನ ಕೈಯಿಂದ?"

ಗಂಡ ಒಳಗಿನಿಂದ ಬಂದು, "ಹಂಗ ಅನಬ್ಯಾಡ್ರಿ ಅತ್ತಿಯಾರ, ನಿಮಗ ಯಾರು ಹೇಳಿದ್ರು? ಗೊತ್ತಿದ್ದು ಮಾಡೀರೇನು?" ಅಂದರು. ಹಂಚಿನ ಮೇಲಿದ್ದ ರೊಟ್ಟಿ ಕರಕಲಾಗುತ್ತಿತ್ತು. ನಾನು ಒಲೆ ಆರಿಸಿದೆ.

ಅಂದಿನಿಂದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆ ಇಟ್ಟು, ತಟ್ಟೆಯಿಂದ ಒತ್ತಿ, ಹಾಳೆ ಸಮೇತ ಹಂಚಿನ ಹತ್ತಿರ ಒಯ್ದು ಬೋರಲು ಹಾಕಿ ನಾನೇ ಮಾಡತೊಡಗಿದೆ. ದಪ್ಪ, ಸೀಳು, ಕಹಿ ಮಿಶ್ರಿತ ಎಣ್ಣೆಯ ವಾಸನೆ. ಮಗಳು ಆಯಿಯ ರೊಟ್ಟಿ ಎಲ್ಲಿ ಎಂದು ಕೇಳಿದಳು. "ಆಯಿ ಕೈ ನೋಯಿಸ್ಕೊಂಡಾಳ" ಅಂದೆ. ಅವ್ವ ಮೂಲೆಯಲ್ಲಿ ಕೂತು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು, ನಿಜಕ್ಕೂ ನೋವಾದವಳ ಹಾಗೆ. ಚೂರು ಚೂರು ತಿನ್ನಿಸುವ ಕೆಲಸ ಮಾತ್ರ ಅವಳೇ ಇಟ್ಟುಕೊಂಡಳು. ಬೇಡಿಕೊಂಡು, ಹೆದರಿಸಿ, ಕತೆ ಹೇಳಿ, ಕೆಲವು ಸಲ ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡು "ಭಾಳ ಚಲೋ ಐತಿ" ಎಂದು ಸುಳ್ಳು ಹೇಳಿ ತಿನ್ನಿಸಿದಳು. ಜೋಳದ ಡಬ್ಬಿಯನ್ನು ಕಟ್ಟಿ ಕಾಕುವಿನ ಮನೆಗೆ ಕೊಟ್ಟುಬಿಟ್ಟಳು. ನಮಗೂ ಮನೆಯಲ್ಲಿ ರೊಟ್ಟಿ ಇಲ್ಲದಾಯಿತು. ತಾನು ಬರೀ ಅನ್ನ ಸಾರು ಉಂಡು ಏಳುತ್ತಿದ್ದಳು. ಜೋಳದ ರೊಟ್ಟಿ ಇಲ್ಲದೆ ಊಟ ಆಯಿತು ಅನ್ನದ ಹೆಂಗಸು.

ಪಟ್ಟಿ ಮತ್ತೆ ಕಡು ನೇರಳೆಯಾಯಿತು. ನಾವು ಮೂವರೂ ಆ ಬಣ್ಣ ನೋಡಿ ಕಾಯತೊಡಗಿದೆವು. ಅವ್ವ ಬೆಳಿಗ್ಗೆ ಎದ್ದ ಕೂಡಲೇ, "ಬಣ್ಣ ಹೆಂಗೈತಿ?" ಎಂದು ಕೇಳುವಳು. "ಚಲೋ ಅದ ಅವ್ವಾ." "ಮತ್ಯಾಕ ಬೀಳತೈತಿ?" ಬಣ್ಣ ಸರಿ ಇತ್ತು, ಊಟದ ಅಳತೆ ಸರಿ ಇತ್ತು, ಎಲ್ಲೂ ಒಂದು ಕಣ ಹಿಟ್ಟಿರಲಿಲ್ಲ. ಮಗಳು ಬೀಳುತ್ತಲೇ ಇದ್ದಳು. ಮೊದಲ ವಾರಗಳಲ್ಲಿ ಕಡಿಮೆಯಾಗಿತ್ತಲ್ಲ, ಅಷ್ಟು ಕೂಡ ಮತ್ತೆ ಕಡಿಮೆಯಾಗಲಿಲ್ಲ. ಇನ್ನೊಂದು ವಾರ ನೋಡೋಣ, ಇನ್ನೊಂದು ವಾರ, ಹೀಗೆ ಡಾಕ್ಟರು ಕೊಟ್ಟ ಗಡುವು ಮುಗಿದು ಅದರ ಮೇಲೂ ಒಂದು ತಿಂಗಳು ಎಳೆದೆವು.

ಕೊನೆಗೆ ಡಾಕ್ಟರ ಹತ್ತಿರ ಹೋದಾಗ ಅವ್ವನೂ ಬಂದಳು. ಡಾಕ್ಟರು ಎಲ್ಲ ನೋಡಿ, ಇದು ಈ ಮಗುವಿಗೆ ಕೆಲಸ ಮಾಡುತ್ತಿಲ್ಲ, ನಿಧಾನವಾಗಿ ನಿಲ್ಲಿಸೋಣ, ಹೊಸ ಔಷಧಿ ಶುರು ಮಾಡೋಣ ಎಂದರು. ಅವರ ಮರಾಠಿಯನ್ನು ಅವ್ವನಿಗೆ ಹೇಳಬೇಕಾಗಿರಲಿಲ್ಲ. ಬೆಳಗಾವಿಯ ಖಾನಾವಳಿಯಲ್ಲಿ ಅರ್ಧ ಗಿರಾಕಿಗಳು ಮರಾಠಿಯವರೇ. ಅವಳು ನನ್ನ ಮೊಣಕೈ ಹಿಡಿದು, "ಕೇಳವಾ. ನಾ ಜ್ವಾಳದ ಹಿಟ್ಟು ಉದುರಿಸಿದ್ದಕ್ಕs ಕೆಟ್ಟತೇನು, ಕೇಳು" ಅಂದಳು.

ನಾನು ಕೇಳಿದೆ. ಇಲ್ಲ ಎಂದು ಒಂದು ಮಾತು ಹೇಳಲಿ ಎಂದು ಅವರ ಮುಖವನ್ನೇ ನೋಡುತ್ತ ಕೇಳಿದೆ. ಅವರು ಒಳ್ಳೆಯ ಮನುಷ್ಯ. ಸುಳ್ಳು ಹೇಳಲು ಬಾರದವರು. "ತಸಂ ಸಾಂಗತಾ ಯೇತ ನಾಹಿ," ಅಂದರು. ಹಾಗೆ ಹೇಳಲು ಬರುವುದಿಲ್ಲ. ಮೊದಲಿನಿಂದ ತಪ್ಪದೆ ನಡೆದಿದ್ದರೂ ಹೀಗೇ ಆಗುತ್ತಿತ್ತೇನೋ. ಹೆಚ್ಚಾಗಿ ಹೀಗೇ ಆಗುತ್ತಿತ್ತು. ಆದರೆ ಖಚಿತವಾಗಿ ಯಾರೂ ಹೇಳಲಾರರು ಎಂದರು.

ಹೊರಗೆ ಬಂದ ಮೇಲೆ ನಾನು, "ಕೇಳಿದ್ಯಲ್ಲವ್ವಾ, ಹೆಚ್ಚಾಗಿ ಹಿಂಗs ಆಗ್ತಿತ್ತು ಅಂದ್ರು" ಎಂದೆ.

"ಕೇಳಿದೆ," ಅಂದಳು. "ಹೇಳಾಕ ಬರೂದಿಲ್ಲ ಅಂದ್ರು."

ಲ್ಯಾಬಿನಲ್ಲಿ ಒಂದು ಮಾದರಿಗೆ ನಡುವೆ ಬೇರೇನಾದರೂ ಬಿದ್ದರೆ ನಾವು ಯೋಚನೆ ಮಾಡುವುದಿಲ್ಲ. ಸಿಂಕಿಗೆ ಚೆಲ್ಲಿ, ಗಾಜು ತೊಳೆದು, ಅದೇ ಡ್ರಮ್ಮಿನಿಂದ ಇನ್ನೊಂದು ಮಾದರಿ ತೆಗೆದು ಮೊದಲಿನಿಂದ ಶುರು ಮಾಡುತ್ತೇವೆ. ಆಗ ಗೊತ್ತಾಗುತ್ತದೆ, ಬಿದ್ದದ್ದರಿಂದ ಕೆಟ್ಟಿತೋ, ಮೊದಲೇ ಕೆಟ್ಟಿತ್ತೋ ಎಂದು. ನನಗಿರುವುದು ಒಬ್ಬಳೇ ಮಗಳು. ಮತ್ತೊಮ್ಮೆ ಮೊದಲಿನಿಂದ ಮಾಡೋಣವೇ ಎಂದು ಡಾಕ್ಟರನ್ನು ಕೇಳಿದ್ದೆ ಕೂಡ. ತೂಕ ಇಷ್ಟು ಇಳಿದಿರುವ ಮಗುವಿಗೆ ಇನ್ನು ಅದು ಬೇಡ ಎಂದರು. ನನ್ನ ಕೆಮಿಸ್ಟ್ರಿ ಅವ್ವನಿಗೆ ಅವಳ ತಪ್ಪನ್ನು ಗ್ರಾಮಿನ ಲೆಕ್ಕದಲ್ಲಿ ತೋರಿಸಿಕೊಟ್ಟಿತು. ತಪ್ಪಿಲ್ಲ ಎಂದು ತೋರಿಸುವ ಶಕ್ತಿ ಅದಕ್ಕಿರಲಿಲ್ಲ. ಇಷ್ಟು ಕಷ್ಟಪಟ್ಟು ಕಲಿತದ್ದು ಇದಕ್ಕೇನು ಎಂದು ಕಾರ್ಖಾನೆಯಲ್ಲಿ ಬಣ್ಣದ ಚೀಟಿಗಳ ಎದುರು ಕೂತು ಈಗಲೂ ಎಷ್ಟೋ ಸಲ ಅನ್ನಿಸುತ್ತದೆ.

ಬಾದಾಮಿಯನ್ನು ವಾರ ವಾರ ಕಡಿಮೆ ಮಾಡುತ್ತ, ಹಾಲು, ಅನ್ನ, ಹಿಟ್ಟು ಒಂದೊಂದೇ ಮರಳಿ ಕೊಡುತ್ತ ಬಂದೆವು. ಜೋಳಕ್ಕೆ ಸರದಿ ಬಂದ ದಿನ ಅವ್ವನಿಗೆ, "ನೀನs ಮಾಡವ್ವ, ಆಕಿ ಕೇಳಾಕತ್ತಾಳ" ಅಂದೆ.

"ನನ್ನ ಕೈಲೆ ಬ್ಯಾಡ," ಅಂದಳು. "ನೀನs ಮಾಡು. ಹೆಂಗರ ಆಗಲಿ, ನಿನ್ನ ಕೈದs ಇರಲಿ."

"ಈಗ ಜ್ವಾಳ ನಡೀತದ ಅವ್ವಾ. ಎಷ್ಟರ ಹಾಕು."

"ನಡೀತೈತಿ, ಗೊತ್ತೈತಿ ನಂಗ. ನಂಗs ನಡೆಯಾಂಗಿಲ್ಲ."

ನಾನು ಬಡಿದೆ. ಕಟ್ಟೆಯ ಮೇಲೆ ಕೂತು ಓದಿದವಳಿಗೆ ರೊಟ್ಟಿ ಬಡಿಯಲು ಸರಿಯಾಗಿ ಬರುವುದಿಲ್ಲ, ಅವ್ವನೇ ಬಾರದಂತೆ ನೋಡಿಕೊಂಡಿದ್ದಳು. ಸೊಟ್ಟ ರೊಟ್ಟಿಯಾಯಿತು. ಮಗಳಿಗೆ ಅದರ ಪರಿವೆ ಇರಲಿಲ್ಲ. ಬಿಸಿ ರೊಟ್ಟಿಗೆ ಬೆಣ್ಣೆ, ಶೇಂಗಾ ಚಟ್ನಿ ಹಚ್ಚಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ ಮುಚ್ಚಿ ತಿಂದಳು. ಇನ್ನು ದಿನಾ ಇದೇನಾ ಎಂದು ಕೇಳಿದಳು. ದಿನಾ ಇದೇ ಅಂದೆ. "ಅಂದ್ರ ನಾ ಆರಾಮಾದೆನಾ ಮಮ್ಮಿ?" ಅಂದಳು.

ಯಾರೂ ಉತ್ತರ ಕೊಡುವ ಮೊದಲೇ ಅವಳ ತಲೆ ಮುಂದಕ್ಕೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಅವ್ವ ಕೈ ಚಾಚಿ ಅಂಗೈಯಲ್ಲಿ ಹಣೆ ಹಿಡಿದಳು. ಮುಖ ತಟ್ಟೆಗೆ ಬಡಿಯಲಿಲ್ಲ. ಹಾಗೇ ಹಿಡಿದುಕೊಂಡೇ ಇದ್ದಳು. ಮಗಳು ಕಣ್ಣು ತೆರೆದು, ಬಾಯಲ್ಲಿದ್ದ ತುತ್ತನ್ನು ಮತ್ತೆ ಅಗಿಯತೊಡಗಿ, "ಏನಾತು ಆಯಿ?" ಎಂದು ಕೇಳಿದಳು.

"ಏನಿಲ್ಲ," ಅಂದಳು ಅವ್ವ. "ಉಣ್ಣು."